ಷಡ್ಡಕನ ಡಬ್ಬಿ

ಅದು ಮಾವನವರು ನಿವೃತ್ತರಾದ ವರ್ಷ, ಯುಗಾದಿ ಹತ್ತಿರ ಬಂದಿತ್ತು. ಗದಗ-ಬೆಟಗೇರಿಯ ಅವರ ಮನೆಯಲ್ಲಿ ಮರದ ಹಲಗೆಯ ಮೇಲೆ ಹೆಸರು ಕೆತ್ತುವ ಪುಟ್ಟ ಯಂತ್ರವೊಂದು ತಯಾರಾಗಿತ್ತು. ಬಿಡಿಭಾಗ ತರಿಸಿ, ಹವ್ಯಾಸಕ್ಕೆಂದು ಅವರೇ ಜೋಡಿಸಿದ್ದು. ಆದರೆ ಅದರ ಪವರ್ ಸಪ್ಲೈ, ಮೋಟಾರು ನಡೆಸುವ ಬೋರ್ಡು ಎಲ್ಲ ಮೇಜಿನ ಮೇಲೆ ಬತ್ತಲೆ ಬಿದ್ದಿದ್ದವು. "ಮೊಮ್ಮಕ್ಕಳು ಮುಟ್ಟಿದ್ರ ಏನ್ ಗತಿರಿ? ಮುಚ್ಚೂ ತನಕ ಅದನ್ನ ಚಾಲೂ ಮಾಡಬ್ಯಾಡ್ರಿ" ಎಂದು ಅತ್ತೆ ಪಟ್ಟು ಹಿಡಿದಿದ್ದರು.

ಡಬ್ಬಿ ಮಾಡಿಕೊಡುತ್ತೇನೆಂದು ಮೊದಲು ಹೇಳಿದವನು ನಾನು. ಮುಂಡರಗಿಯ ನಮ್ಮ ಮನೆಯಲ್ಲಿ ಪ್ಲಾಸ್ಟಿಕ್ ಕರಗಿಸಿ ಬೇಕಾದ ವಸ್ತು ಮಾಡುವ ತ್ರೀಡಿ ಪ್ರಿಂಟರ್ ಇದೆ, ದೊಡ್ಡ ಅಳಿಯ ಬೇರೆ. ಅಷ್ಟರಲ್ಲಿ ಶಿರಹಟ್ಟಿಯ ನನ್ನ ಷಡ್ಡಕ ಮಂಜುನಾಥ, ಅಂದರೆ ಹೆಂಡತಿಯ ತಂಗಿಯ ಗಂಡ, "ನಾನೂ ಒಂದು ಮಾಡ್ತೀನ್ರಿ ಮಾವಾರ" ಎಂದ. ಯಾರು ಕೇಳಿದ್ದರು ಇವನನ್ನು? ಅವನು ಪ್ರಿಂಟರ್ ಕೊಂಡಿದ್ದೇ ನನ್ನದನ್ನು ನೋಡಿ.

ಕೂದಲೆಳೆಯಷ್ಟೂ ತಪ್ಪದಂತೆ ಅಳತೆ ತೆಗೆದು, ಗಾಳಿ ಕೆಳಗಿನಿಂದ ಹೊಕ್ಕು ಮೇಲೆ ಹೊರಬೀಳುವಂತೆ ಸೀಳು ಬಿಟ್ಟು ಚೊಕ್ಕ ಡಬ್ಬಿ ಮಾಡಿದೆ. ಹಬ್ಬದ ಊಟವಾದ ಮೇಲೆ ಎಲ್ಲರೆದುರು ಅದರೊಳಗೆ ಸಾಮಾನು ಕೂಡಿಸಿದೆವು. ಎಲ್ಲವೂ ಕೂತವು, ಮುಚ್ಚಳ ಮಾತ್ರ ಮುಚ್ಚಲಿಲ್ಲ. ವೈರು ಬಾಗುವುದಕ್ಕೂ ಜಾಗ ಬೇಕೆನ್ನುವುದು ನನಗೆ ಹೊಳೆದೇ ಇರಲಿಲ್ಲ! ಮಂಜುನಾಥನದು ಗೋದಿ ಡಬ್ಬದಂತೆ ದೊಡ್ಡದು. ವೈರು ಸಮೇತ ಎಲ್ಲವನ್ನೂ ನುಂಗಿ ಮುಚ್ಚಿಕೊಂಡಿತು. "ನೋಡ್ರಿ, ಎಷ್ಟ್ ಚಂದ ಕುಂತೈತಿ" ಎಂದು ಹೊಗಳಿದವಳು ಬೇರೆ ಯಾರೂ ಅಲ್ಲ, ನನ್ನ ಹೆಂಡತಿ. ಉಂಡ ಹೋಳಿಗೆ ಹೊಟ್ಟೆಯಲ್ಲೇ ಹೊತ್ತಿಕೊಂಡಂತಾಯಿತು.

ಅಂದಿನಿಂದ ಗದಗಿನಲ್ಲಿ ಏನೇ ಕೆಲಸವಿದ್ದರೂ ನಾನೇ ಹೊರಡುತ್ತಿದ್ದೆ. ಮಾವನ ಮನೆಗೆ ಹೋದವನೇ ಮೊದಲು ಆ ಡಬ್ಬಿಯ ಮೇಲೆ ಕೈಯಿಟ್ಟು ನೋಡುತ್ತಿದ್ದೆ. ಗಾಳಿಗೆಂದು ಅವನು ಬಿಟ್ಟಿದ್ದು ನಾಲ್ಕೇ ತೂತು. ಬಿಸಿಲು ಏರಲಿ, ಪ್ಲಾಸ್ಟಿಕ್ ಮೆತ್ತಗಾಗುತ್ತದೆ, ಯಾರದು ಚಲೋ ಎಂದು ಆಗ ಎಲ್ಲರಿಗೂ ಗೊತ್ತಾಗುತ್ತದೆ ಎಂದು ಕಾಯುತ್ತಿದ್ದೆ.

ನೆತ್ತಿ ಸುಡುವ ಬಿಸಿಲೂ ಬಂತು. ಆಸೆಯಿಂದ ಹೋಗಿ ಮುಟ್ಟಿದೆ. ಯಂತ್ರ ಓಡುತ್ತಿದ್ದರೂ ತಣ್ಣಗಿತ್ತು! ಬಗ್ಗಿ ನೋಡಿದರೆ ಅದು ಹೊಸದಾಗಿ ಪ್ರಿಂಟ್ ಮಾಡಿದ ಡಬ್ಬಿ. ಆಕಾರ ಅವನದೇ, ಆದರೆ ಕೆಳಗೂ ಮೇಲೂ ಇದ್ದವು ನನ್ನ ಸೀಳುಗಳು. "ಈ ಸೀಳು ನಾ ಮಾಡಿದ್ದಲ್ಲೇನ್ರಿ?" ಎಂದು ಸಿಟ್ಟಿನಿಂದ ಕೇಳಿದೆ.

ಮಾವ ನಕ್ಕರು. "ಹೌದ್ರಿ ಅಳಿಯಾರ. ನಿನ್ನಿ ಮಂಜುನಾಥಾರು ಬಂದು ಬದಲಿ ಮಾಡಿ ಹೋದ್ರು. 'ನಂದು ಬಿಸಿ ಆಗಾಕ ಹತ್ತಿತ್ತು, ಅಣ್ಣಾರ ಡಬ್ಬ್ಯಾಗ ಗಾಳಿ ಆಡೂ ದಾರಿ ಚಲೋ ಐತಿ, ಅದನ್ನ ಹಾಕೇನಿ' ಅಂದ್ರು. ಓಣ್ಯಾಗ ಕೇಳಿದೋರಿಗೆಲ್ಲ ನಿಮ್ಮ ಹೆಸರು ಹೇಳ್ಯಾರ."

ಕದ್ದಿದ್ದರೆ ಜಗಳವಾದರೂ ಆಡಬಹುದಿತ್ತು. ಅವನು ಹೆಸರು ಹೇಳಿಬಿಟ್ಟಿದ್ದ. ಅವನ ಜಾಗದಲ್ಲಿ ನಾನಿದ್ದರೆ ಹೇಳುತ್ತಿರಲಿಲ್ಲ, ಅದು ನನಗೆ ಚೆನ್ನಾಗಿ ಗೊತ್ತು. ಅವನ ಡಬ್ಬಿಯ ಮೇಲಿನ ಹೊಟ್ಟೆಕಿಚ್ಚು ಅಂದೇ ಆರಿತು. ಅವನ ಗುಣದ ಮೇಲಿನದು ಇನ್ನೂ ಉರಿಯುತ್ತಿದೆ.