ಫ್ಯಾನು ಹಾಕದ ಕೋಣೆಯ ಜರಡಿ ಅಕ್ಕ

ಬೆಳಗಿನ ಐದೂವರೆ. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಮಹಡಿಯಲ್ಲಿ ಒಂದೇ ಒಂದು ಟ್ಯೂಬ್‌ಲೈಟ್ ಉರಿಯುತ್ತಿದೆ. ಸ್ಟೀಲ್ ಮೇಜಿನ ಮುಂದೆ ನಿಂತ ಹೆಂಗಸಿಗೆ ತಲೆಗೆ ಟೋಪಿ, ಮೂಗಿಗೆ ಮಾಸ್ಕು, ಕೈಗೆ ಗ್ಲೌಸು. ಕಿಟಕಿ ಮುಚ್ಚಿದೆ. ಫ್ಯಾನು ಇದೆ, ಆದರೆ ಹಾಕುವ ಹಾಗಿಲ್ಲ. ಹಾಕಿದರೆ ಜರಡಿಯಿಂದ ಇಳಿಯುವ ಹಸಿರು ಪುಡಿ ಅರ್ಧ ಗೋಡೆಗೆ, ಅರ್ಧ ಮೈಗೆ. ಆಕೆ ಜರಡಿ ಹಿಡಿದು ಮಣಿಕಟ್ಟನ್ನಷ್ಟೇ ಆಡಿಸುತ್ತಾ ಇರುತ್ತಾಳೆ, ಸಣ್ಣಗೆ, ಒಂದೇ ಸಮನೆ. ಇದ್ದಕ್ಕಿದ್ದಂತೆ ಕೈ ನಿಲ್ಲುತ್ತದೆ. ಜರಡಿ ಕೆಳಗಿಟ್ಟು ಒಂದು ಹೆಜ್ಜೆ ಹಿಂದೆ ಸರಿದು, ಎರಡೂ ಕೈ ಬೆನ್ನ ಹಿಂದೆ ಕಟ್ಟಿ ಗೋಡೆಗೆ ಒರಗುತ್ತಾಳೆ. ಕುತ್ತಿಗೆ ಕೆಂಪಗಾಗಿ, ಹಣೆಯ ಮೇಲೆ ಬೆವರು ಸಾಲುಗಟ್ಟುತ್ತದೆ.

ಪಕ್ಕದ ಮೇಜಿನಲ್ಲಿ ಬಾಟಲಿ ಒರೆಸುತ್ತಿದ್ದ ಇಬ್ಬರು ಹೆಂಗಸರು ತಲೆಯೆತ್ತದೆ ಹೇಳುತ್ತಾರೆ, "ಅಕ್ಕನ ಒಲೆ ಹತ್ತಿತು."

ಮೂರು ನಿಮಿಷ. ಆಮೇಲೆ ಆಕೆ ಮುಖ ತೊಳೆದು, ಹೊಸ ಗ್ಲೌಸು ಹಾಕಿಕೊಂಡು ಮತ್ತೆ ಜರಡಿ ಎತ್ತಿಕೊಳ್ಳುತ್ತಾಳೆ. "ಬೆವರು ಒಂದು ಹನಿ ಪ್ಲೇಟಿಗೆ ಬಿದ್ರೂ ಮುನ್ನೂರು ಕ್ಯಾಪ್ಸೂಲ್ ಹಾಳು. ಅದಕ್ಕೇ ಹಿಂದೆ ಸರಿಯೋದು," ಎನ್ನುತ್ತಾಳೆ.

ತಮಾಷೆ ಏನೆಂದರೆ, ಇಲ್ಲಿ ತಯಾರಾಗುವುದೇ ಈ ಒಲೆ ಆರಿಸುವ ಮದ್ದು. ಮುಟ್ಟು ನಿಲ್ಲುವ ವಯಸ್ಸಿನ ಹೆಂಗಸರಿಗೆ ಮೈ ಬಿಸಿಯೇರುವುದು, ನಿದ್ದೆ ಕೆಡುವುದು, ಸುಮ್ಮಸುಮ್ಮನೆ ಸಿಡುಕುವುದು ಇವಕ್ಕೆಲ್ಲ ಆರಾಮ ಸಿಗಲಿ ಎಂದು ಸೇಜ್ ಎಂಬ ಗಿಡದ ಎಲೆ ಮತ್ತು ಶತಾವರಿ ಬೇರಿನ ಪುಡಿಯನ್ನು ಕಡು ಹಸಿರು ಕ್ಯಾಪ್ಸೂಲಿಗೆ ತುಂಬಿ ಮಾರುತ್ತಾರೆ. ಅದನ್ನು ತುಂಬುವವಳು ಅದೇ ಬಿಸಿಯಲ್ಲಿ ಬೇಯುತ್ತಾ, ಫ್ಯಾನು ಹಾಕದ ಕೋಣೆಯಲ್ಲಿ ನಿಂತಿರುತ್ತಾಳೆ. ಬಾಟಲಿಯ ಮೇಲೆ ನಗುತ್ತಿರುವ ಹೆಂಗಸಿನ ಚಿತ್ರವಿದೆ. ಆ ಹೆಂಗಸಿನ ಹಣೆ ಒಣಗಿದೆ ಎಂಬುದನ್ನು ಗಮನಿಸಬೇಕು.

ಎಲ್ಲರೂ ಈಕೆಯನ್ನು ಜರಡಿ ಅಕ್ಕ ಎನ್ನುತ್ತಾರೆ. ವಯಸ್ಸು ಐವತ್ತೆರಡು. ಈ ಮಹಡಿಯಲ್ಲಿ ಒಂಬತ್ತು ವರ್ಷವಾಯಿತು. ಅದಕ್ಕೂ ಮೊದಲು ಬಿಸ್ಕತ್ ಕಾರ್ಖಾನೆಯಲ್ಲಿ ಮುರಿದ ಬಿಸ್ಕತ್ ಆರಿಸುವ ಕೆಲಸ, ಅದಕ್ಕೂ ಮೊದಲು ಲಾಂಡ್ರಿಯಲ್ಲಿ ಇಸ್ತ್ರಿ. ಓದಿದ್ದು ಏಳನೇ ಕ್ಲಾಸು. ಕಣ್ಣು ಮಾತ್ರ ಬಹಳ ಓದಿದ ಕಣ್ಣು. ಪುಡಿಯನ್ನು ಬೆರಳ ಮಧ್ಯೆ ತಿಕ್ಕಿ ತೇವ ಹಿಡಿದಿದೆಯೋ ಇಲ್ಲವೋ ಹೇಳಿಬಿಡುತ್ತಾಳೆ, ತೇವ ಅಳೆಯುವ ಯಂತ್ರ ಅದನ್ನೇ ಆಮೇಲೆ ನಿಧಾನವಾಗಿ ಒಪ್ಪುತ್ತದೆ.

ಕೆಲಸ ನೋಡಲು ಸುಲಭ, ಮಾಡಲು ಸೊಂಟ ಬೀಳುತ್ತದೆ. ಮುನ್ನೂರು ತೂತಿನ ಪ್ಲೇಟು. ಒಂದೊಂದು ತೂತಿಗೂ ಖಾಲಿ ಕ್ಯಾಪ್ಸೂಲಿನ ಕೆಳಭಾಗ. ಮೇಲೆ ಪುಡಿ ಸುರಿದು ಕಾರ್ಡಿನಿಂದ ಸವರಿ, ಒತ್ತಿ, ಮತ್ತೆ ಸವರಿ, ಮುಚ್ಚಳದ ಪ್ಲೇಟು ಕೂರಿಸಿ ಒಂದೇ ಅದುಮು. ಪ್ರತಿ ಪ್ಲೇಟಿನಿಂದ ಹತ್ತು ಕ್ಯಾಪ್ಸೂಲ್ ತೂಕಕ್ಕೆ ಹೋಗುತ್ತವೆ, ಹತ್ತೂ ಸೇರಿ ಐದು ಗ್ರಾಂ ಇರಬೇಕು. ದಿನಕ್ಕೆ ಇಪ್ಪತ್ತು ಪ್ಲೇಟು ಎಂದರೆ ಆರು ಸಾವಿರ ಕ್ಯಾಪ್ಸೂಲ್, ನೂರು ಬಾಟಲಿ. ಬಿಸಿಲೇರಿ ಕೋಣೆ ಕಾಯುವ ಮೊದಲೇ ಅರ್ಧ ಮುಗಿಸಬೇಕೆಂದು ಈ ಬೆಳಗಿನ ಜಾವದ ಕೆಲಸ.

ಈಕೆಯ ಕಥೆ ಬರೆಯಬೇಕಾಗಿ ಬಂದದ್ದು ಮಾತ್ರ ಈ ಲೆಕ್ಕಗಳಿಂದಲ್ಲ. ಎರಡು ಮುಚ್ಚಳಗಳಿಂದ.

ಪ್ರತಿದಿನ ನಿಜವಾದ ಪುಡಿ ತೆಗೆಯುವ ಮೊದಲು ಒಂದು ಪ್ಲೇಟು ಬರೀ ಹಿಟ್ಟು ತುಂಬಿ ನೋಡುತ್ತಾರೆ. ಪ್ಲೇಟು ಸಮ ಕೂತಿದೆಯೇ, ಹೊಸ ಪೆಟ್ಟಿಗೆಯ ಕ್ಯಾಪ್ಸೂಲ್ ಸರಿಯಾಗಿ ಮುಚ್ಚುತ್ತದೆಯೇ ಎಂದು ತಿಳಿಯಲು ದುಬಾರಿ ಪುಡಿ ಯಾಕೆ ಹಾಳು ಮಾಡಬೇಕು? ಆ ಹಿಟ್ಟಿನ ಕ್ಯಾಪ್ಸೂಲ್‌ಗಳು ಬಿಳಿ ಮುಚ್ಚಳದ ಡಬ್ಬಿಗೆ ಹೋಗುತ್ತವೆ, ವಾರದ ಕೊನೆಗೆ ಕಸಕ್ಕೆ. ನಿಜವಾದ ಪುಡಿ ತುಂಬಿ ಸೊಟ್ಟಗಾದವು ಹಸಿರು ಮುಚ್ಚಳದ ಡಬ್ಬಿಗೆ. ಅವು ಮಾರಾಟಕ್ಕಿಲ್ಲ, ಬೇಕಾದವರು ಮನೆಗೆ ಒಯ್ಯಬಹುದು ಎಂದು ಯಜಮಾನಿಯ ಒಪ್ಪಿಗೆ ಇದೆ.

ಕಳೆದ ವರ್ಷ ಒಂದು ಸಂಜೆ ಜರಡಿ ಅಕ್ಕ ಎರಡೂ ಡಬ್ಬಿಯ ಮುಚ್ಚಳ ತೊಳೆದಳು. ಒರೆಸುವಾಗ ಒಲೆ ಹತ್ತಿತು. ಬೆವರು ಕಣ್ಣಿಗಿಳಿದು ಕಣ್ಣು ಉರಿ. ಕೈಗೆ ಸಿಕ್ಕ ಮುಚ್ಚಳ ಸಿಕ್ಕ ಡಬ್ಬಿಗೆ ಹಾಕಿ ಮನೆಗೆ ಹೋದಳು. ಮರುದಿನ ಹಸಿರು ಮುಚ್ಚಳ ತೆಗೆದು, ತನಗೆಂದು ಇನ್ನೂರು ಕ್ಯಾಪ್ಸೂಲ್ ಎಣಿಸಿ ಬಾಟಲಿಗೆ ತುಂಬಿಕೊಂಡಳು. ದಿನಕ್ಕೆರಡರಂತೆ ನೂರು ದಿನಕ್ಕಾಗುವಷ್ಟು.

"ಒಂದೂ ಸೊಟ್ಟ ಇರ್ಲಿಲ್ಲ, ಎಲ್ಲಾ ಮುದ್ದುಮುದ್ದಾಗಿದ್ವು. ಆಗ್ಲೇ ಅನುಮಾನ ಬರ್ಬೇಕಿತ್ತು. ನಾನು ಏನಂದ್ಕೊಂಡೆ ಗೊತ್ತಾ? ನಮ್ಮ ಕೆಲಸ ಎಷ್ಟು ಸುಧಾರಿಸಿದೆ ನೋಡು, ಸೊಟ್ಟದ್ದೂ ನೆಟ್ಟಗಿದೆ ಅಂತ ಹೆಮ್ಮೆಪಟ್ಟೆ."

ವಾಸನೆ ಗೊತ್ತಾಗಲಿಲ್ಲವೇ ಎಂದು ಕೇಳಿದರೆ ಅಂಗೈ ಮುಂದೆ ಚಾಚುತ್ತಾಳೆ. ಕೈ, ಸೀರೆಯ ಸೆರಗು, ಕೂದಲು, ಊಟದ ಡಬ್ಬಿ ಎಲ್ಲಕ್ಕೂ ಸೇಜ್ ಎಲೆಯ ಘಾಟು. ಒಂಬತ್ತು ವರ್ಷದಿಂದ ಆ ಮೂಗಿಗೆ ಬೇರೆ ವಾಸನೆ ಇರುವುದೇ ಮರೆತಿದೆ.

ಇನ್ನು ಸ್ವಾರಸ್ಯದ ವಿಷಯ. ಆ ಹಿಟ್ಟು ಕೆಲಸ ಮಾಡಿತು! ದಿನಕ್ಕೆ ಒಂಬತ್ತು ಹತ್ತು ಸಲ ಹತ್ತುತ್ತಿದ್ದ ಒಲೆ ಮೂರಕ್ಕೆ ಇಳಿಯಿತು. ನಿದ್ದೆ ಬಂತು. ಲಿಫ್ಟ್ ರಿಪೇರಿ ಮಾಡುವ ಗಂಡ "ಈಗ ನಿನ್ನ ಹತ್ರ ಧೈರ್ಯವಾಗಿ ಮಾತಾಡ್ಬಹುದು" ಎಂದ. ಅತ್ತೆಯೊಬ್ಬರೇ ನಂಬಲಿಲ್ಲ. ಎಂಬತ್ತರ ಆ ಹಿರಿಯರು ಹೇಳಿದ್ದು, "ನಮ್ಮ ಕಾಲದಲ್ಲಿ ಇದಕ್ಕೆ ಹೆಸರೂ ಇರ್ಲಿಲ್ಲ, ಮಾತ್ರೆನೂ ಇರ್ಲಿಲ್ಲ. ಸೆಕೆ ಆದ್ರೆ ಬಾಗಿಲು ತೆಗೆದು ಹೊರಗೆ ನಿಲ್ತಿದ್ವಿ. ಬೀದಿ ತುಂಬಾ ಹೆಂಗಸರು ನಿಂತಿರ್ತಿದ್ರು, ಯಾರೂ ಯಾಕೆ ಅಂತ ಕೇಳ್ತಿರ್ಲಿಲ್ಲ."

ಸೊಸೆ ಸುಮ್ಮನಿದ್ದಳೇ? ಬೀದಿಯ ಹೆಂಗಸರಿಗೆಲ್ಲ ಹೇಳಿದಳು. ಹೊಟ್ಟೆಗೆ ಹಾಕಿಕೊಳ್ಳುವ ವಸ್ತು, ಜಾಹೀರಾತಿಗಿಂತ ತುಂಬುವವಳ ಮಾತಿಗೆ ತೂಕ ಹೆಚ್ಚು. "ಕೆಲಸ ಮಾಡತ್ತಾ?" ಎಂದು ಕೇಳಿದವರಿಗೆಲ್ಲ ಒಂದೇ ಉತ್ತರ, "ನಾನೇ ಸಾಕ್ಷಿ." ಆ ಸಾಕ್ಷಿಯನ್ನು ನಂಬಿ ಹನ್ನೊಂದು ಹೆಂಗಸರು ಅಂಗಡಿಗೆ ಹೋಗಿ ಬಾಟಲಿ ಕೊಂಡರು.

ಎಂಬತ್ತನಾಲ್ಕನೇ ದಿನ ಬೆಳಿಗ್ಗೆ ಒಂದು ಕ್ಯಾಪ್ಸೂಲ್ ಕೈಜಾರಿ ಅಡುಗೆಮನೆಯ ಸಿಂಕಿನ ಒದ್ದೆಯಲ್ಲಿ ಬಿತ್ತು. ಆಮೇಲೆ ಎತ್ತಿದರಾಯಿತು ಎಂದು ಬಿಟ್ಟಳು. ಕೈ ತೊಳೆಯಲು ಬಂದ ಗಂಡ ಕೂಗಿದ, "ಇಲ್ನೋಡೇ, ನಿನ್ನ ಹಸಿರು ಮದ್ದು ನರೆತು ಹೋಗಿದೆ!"

ಹಸಿರು ಸಿಪ್ಪೆ ಕರಗಿ ಒಳಗಿಂದ ಬಿಳಿ ಹಿಟ್ಟು ಹೊರಬಂದಿತ್ತು. ಆಕೆ ಬಾಟಲಿ ತಂದು ಇನ್ನೊಂದು ಬಿಚ್ಚಿದಳು, ಮತ್ತೊಂದು ಬಿಚ್ಚಿದಳು. ಹತ್ತು ಬಿಚ್ಚಿ ಹತ್ತೂ ಬೆಳ್ಳಗೆ. ನಾಲಿಗೆಗೆ ಹಚ್ಚಿ ನೋಡಿ ನೆಲದ ಮೇಲೆ ಕುಳಿತುಬಿಟ್ಟಳು. ಗಂಡ ನಗುತ್ತಿದ್ದವನು ಅವಳ ಮುಖ ನೋಡಿ ನಗು ನುಂಗಿಕೊಂಡ.

"ಆವತ್ತು ಒಂದೇ ದಿನ ಏಳು ಸಲ ಒಲೆ ಹತ್ತಿತು. ಗೊತ್ತಾಗಿದ್ದೇ ತಡ, ವಾಪಸ್ ಬಂತು. ಇದೆಂಥ ಮೈ ಅಂತೀನಿ! ನಂದೇ ಮೈ ನಂಗೇ ಟೋಪಿ ಹಾಕತ್ತಾ?"

ಯಜಮಾನಿ ಔಷಧಶಾಸ್ತ್ರ ಓದಿದವರು. ಕಥೆ ಕೇಳಿ ಬೈಯಲಿಲ್ಲ, ಕುರ್ಚಿ ಎಳೆದು ಕೂರಿಸಿದರು. "ಅಕ್ಕ, ನೀವು ದಡ್ಡರಲ್ಲ. ಈ ಬಿಸಿ ವಿಷಯದಲ್ಲಿ ಹೀಗೆ ತುಂಬಾ ಜನಕ್ಕಾಗತ್ತೆ. ಪರೀಕ್ಷೆಗೆ ಅಂತ ಹಿಟ್ಟಿನ ಮಾತ್ರೆ ಕೊಟ್ರೂ ಎಷ್ಟೋ ಜನಕ್ಕೆ ಕಡಿಮೆ ಆಗತ್ತೆ. ಅದಕ್ಕೇ ನಮ್ಮ ಪುಡಿ ಎಷ್ಟು ಕೆಲಸ ಮಾಡತ್ತೆ, ನಂಬಿಕೆ ಎಷ್ಟು ಕೆಲಸ ಮಾಡತ್ತೆ ಅಂತ ಬಿಡಿಸಿ ಹೇಳೋದು ಕಷ್ಟ. ಕೆಲವರಿಗೆ ಆರಾಮ ಸಿಗತ್ತೆ, ಕೆಲವರಿಗೆ ಇಲ್ಲ. ನಾನು ಅಷ್ಟೇ ಹೇಳಬಲ್ಲೆ."

ಆಕೆ ಕೇಳಿದ್ದು ಬೇರೆ. "ಮೇಡಂ, ಹನ್ನೊಂದು ಮನೆಗೆ ಹೋಗಿ ಹೇಳಿ ಬರ್ಲಾ?"

ಯಜಮಾನಿ ತಕ್ಷಣ ಹೂಂ ಎನ್ನಲಿಲ್ಲ. ಅದನ್ನು ಅವರೇ ಈಗ ಮುಚ್ಚುಮರೆಯಿಲ್ಲದೆ ಒಪ್ಪಿಕೊಳ್ಳುತ್ತಾರೆ. ತುಂಬುವವಳೇ ಬೀದಿಯಲ್ಲಿ ನಿಂತು ನಾನು ತಿಂದದ್ದು ಹಿಟ್ಟು ಎಂದರೆ ಬಾಟಲಿ ಯಾರು ಮುಟ್ಟುತ್ತಾರೆ? "ಹೇಳಲೇಬೇಕಾ?" ಎಂದು ಕೇಳಿದರು.

"ಸಾಕ್ಷಿ ಅಂತ ಹೇಳ್ಬಿಟ್ಟಿದೀನಲ್ಲ ಮೇಡಂ. ಈಗ ಸುಮ್ಮನಿದ್ರೆ ಸುಳ್ಳು ಸಾಕ್ಷಿ ಆಗಲ್ವಾ?"

ಆಕೆ ಎಂದಿನಂತೆ ಪ್ಲೇಟು ತುಂಬುತ್ತಾ ಎರಡು ದಿನ ಕಳೆದಳು. ಕೆಲಸ ಹೋದರೂ ಹೋಗಲಿ ಎಂದು ಆಕೆ ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು. ಮೂರನೇ ದಿನ ಯಜಮಾನಿಯೇ ಬಂದು, "ಹೋಗಿ ಬನ್ನಿ. ಬಾಟಲಿ ವಾಪಸ್ ಕೊಟ್ಟವರದ್ದು ತಗೊಂಡು ಬನ್ನಿ," ಎಂದರು.

ಬಾಗಿಲು ಬಾಗಿಲಿಗೆ ಹೋಗಿ ತನ್ನ ಪೆದ್ದುತನ ಹೇಳಿಕೊಳ್ಳುವುದು ಸುಲಭವಲ್ಲ. ಮೊದಲ ಮನೆಯಲ್ಲಿ ನೀರು ಕೇಳಿ ಕುಡಿದು, ಆಮೇಲೆ ಮಾತು ಶುರುಮಾಡಿದಳು. ಹಣ್ಣು ಮಾರುವ ಹೆಂಗಸು ಬಿದ್ದು ಬಿದ್ದು ನಕ್ಕು, "ಹಾಗಾದ್ರೆ ನಂಗೂ ಹಿಟ್ಟಿಂದೇ ಕೊಡು, ನಾನೂ ನಂಬ್ತೀನಿ," ಎಂದಳು. ಶಾಲೆಯ ಟೀಚರು, ನನಗಂತೂ ಕಡಿಮೆಯಾಗಿದೆ, ನನ್ನದು ಅಸಲಿ, ಸುಮ್ಮನೆ ತಲೆ ಕೆಡಿಸಬೇಡ ಎಂದು ಕಳಿಸಿದರು. ಒಬ್ಬಳು ಮುಖದ ಮೇಲೆ ಬಾಗಿಲು ಹಾಕಿದಳು. ಇಂದಿಗೂ ಆಕೆ ಎದುರು ಸಿಕ್ಕರೆ ಮಾತಿಲ್ಲ. ಅದನ್ನು ಹೇಳುವಾಗ ಜರಡಿ ಅಕ್ಕನ ಮುಖ ಸಣ್ಣದಾಗುತ್ತದೆ.

ಹನ್ನೊಂದನೆಯದು ಟೈಲರ್ ಅಕ್ಕನ ಮನೆ. ಬೀದಿಯ ಕೊನೆಯಲ್ಲಿ ಒಂದೇ ಕೋಣೆ, ಕಿಟಕಿಯ ಪಕ್ಕ ಹೊಲಿಗೆ ಯಂತ್ರ. ವಯಸ್ಸು ಐವತ್ತಾರು, ಮುಟ್ಟು ನಿಂತು ಎರಡು ವರ್ಷ ದಾಟಿತ್ತು. ಕಥೆ ಕೇಳುತ್ತಾ ಕೇಳುತ್ತಾ ಯಂತ್ರದ ಚಕ್ರದ ಮೇಲೆ ಕೈಯಿಟ್ಟು ನಿಲ್ಲಿಸಿದರು.

"ಅಯ್ಯೋ, ಈಗ ಹೇಳ್ಬಹುದಾ ಕಣೇ? ನಂಗೆ ಒಂಚೂರೂ ಕಡಿಮೆ ಆಗಿಲ್ಲ. ನೀನು ಅಷ್ಟು ಆಸೆಯಿಂದ ಹೇಳಿದ್ದೆ, ಬೇಜಾರಾಗತ್ತೆ ಅಂತ ಬಾಯಿ ಮುಚ್ಕೊಂಡಿದ್ದೆ."

ಆಮೇಲೆ ದನಿ ತಗ್ಗಿಸಿ ಇನ್ನೊಂದು ಮಾತು ಹೇಳಿದರು. ಎರಡು ತಿಂಗಳಿಂದ ಮತ್ತೆ ರಕ್ತ ಕಾಣುತ್ತಿದೆ. ಸ್ವಲ್ಪ ಸ್ವಲ್ಪವೇ. "ನಿನ್ನ ಮದ್ದು ಒಳಗೆಲ್ಲ ಕ್ಲೀನ್ ಮಾಡ್ತಿದೆ ಅಂದ್ಕೊಂಡಿದ್ದೆ."

ಜರಡಿ ಅಕ್ಕನಿಗೆ ಆ ಕ್ಷಣ ಕೈಕಾಲು ತಣ್ಣಗಾಯಿತಂತೆ, ತನಗೆ ಈ ಬಿಸಿ ಶುರುವಾದ ಎರಡು ವರ್ಷದಲ್ಲಿ ಮೊದಲ ಸಲ. ಯಜಮಾನಿ ಎಷ್ಟೋ ಸಲ ಹೇಳಿದ್ದರು, ಒಮ್ಮೆ ನಿಂತ ಮೇಲೆ ಮತ್ತೆ ರಕ್ತ ಕಂಡರೆ ಅದು ಮದ್ದಿನ ಮಾತಲ್ಲ, ಡಾಕ್ಟರ ಮಾತು ಎಂದು. ಮರುದಿನ ಜರಡಿ ಕೆಳಗಿಟ್ಟು ರಜೆ ಹಾಕಿ ಟೈಲರ್ ಅಕ್ಕನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಸ್ಕ್ಯಾನು, ಪರೀಕ್ಷೆ, ಒಂದು ವಾರದ ಕಾಯುವಿಕೆ. ಗರ್ಭಕೋಶದ ಒಳಪದರದಲ್ಲಿ ಕ್ಯಾನ್ಸರ್ ಶುರುವಾಗಿತ್ತು. ಶುರುವಿನಲ್ಲೇ ಸಿಕ್ಕಿತು ಎಂದರು ಡಾಕ್ಟರು. ಆಪರೇಷನ್ ಆಯಿತು. ಟೈಲರ್ ಅಕ್ಕ ಈಗ ಮತ್ತೆ ಕಿಟಕಿಯ ಪಕ್ಕ ಕೂತು ಹೊಲಿಯುತ್ತಿದ್ದಾರೆ. ಜರಡಿ ಅಕ್ಕನ ತಲೆಯ ಮೇಲಿನ ತೆಳು ಹತ್ತಿಯ ಟೋಪಿ ಅವರೇ ಹೊಲಿದದ್ದು.

"ಎಲ್ಲರೂ ನೀನು ಜೀವ ಉಳಿಸಿದೆ ಅಂತಾರೆ. ಅದು ಹಾಗಲ್ಲ. ನನ್ನ ಮಾತು ಕೇಳಿ ತಾನೇ ಅವರು ಎರಡು ತಿಂಗಳು ಸುಮ್ಮನಿದ್ದಿದ್ದು? ಆ ಎರಡು ತಿಂಗಳು ನನ್ನ ಲೆಕ್ಕಕ್ಕೇ ಬರತ್ತೆ," ಎನ್ನುವಾಗ ಆಕೆ ಕಣ್ಣೊರೆಸಿಕೊಳ್ಳುತ್ತಾಳೆ. ಸಮಾಧಾನದ ಮಾತು ಹೇಳಿದರೆ ಕೇಳುವ ಹೆಂಗಸಲ್ಲ.

ಬಾಟಲಿಗಳ ಮಾರಾಟ ನಿಂತುಹೋಯಿತೇ? ಇಲ್ಲ. ಕೆಲವು ದಿನ ಕಡಿಮೆಯಾಗಿ, ಮತ್ತೆ ನೂರಕ್ಕೆ ಬಂದಿದೆ. ಈಗ ಪ್ರತಿ ಬಾಟಲಿಯ ಮೇಲೆ ಕೆಂಪು ಇಂಕಿನ ರಬ್ಬರ್ ಸ್ಟಾಂಪು ಬೀಳುತ್ತದೆ: "ಮುಟ್ಟು ನಿಂತ ಮೇಲೆ ಮತ್ತೆ ರಕ್ತ ಕಂಡರೆ ಮೊದಲು ಡಾಕ್ಟರ ಹತ್ತಿರ ಹೋಗಿ. ಬೇರೆ ಮಾತ್ರೆ ತಿನ್ನುತ್ತಿದ್ದರೂ ಅವರನ್ನು ಕೇಳಿಯೇ ಇದನ್ನು ತಿನ್ನಿ." ಒತ್ತುವವಳು ಜರಡಿ ಅಕ್ಕನೇ, ದಿನಕ್ಕೆ ನೂರು ಸಲ. ಆಕೆಯ ದೂರು ಒಂದೇ. "ಅಕ್ಷರ ತುಂಬಾ ಸಣ್ಣದಾಯ್ತು. ಈ ವಯಸ್ಸಿಗೆ ಕನ್ನಡಕ ಎಲ್ಲಿಟ್ಟಿದೀವಿ ಅನ್ನೋದೇ ನೆನಪಿರಲ್ಲ. ಇನ್ನೊಂದು ದೊಡ್ಡ ಸ್ಟಾಂಪ್ ಮಾಡಿಸಿ ಅಂತ ಮೇಡಂಗೆ ಹೇಳ್ತಾನೇ ಇದೀನಿ."

ಆದರೆ ಕುತೂಹಲದ ಹುಳ ಒಮ್ಮೆ ತಲೆಗೆ ಹೊಕ್ಕರೆ ಬಿಡುತ್ತದೆಯೇ? ಪುಡಿ ದೊಡ್ಡದೋ ಹಿಟ್ಟು ದೊಡ್ಡದೋ ತನ್ನ ಮೈಯಲ್ಲೇ ತಿಳಿಯಬೇಕೆಂದು ಆಕೆ ಯಜಮಾನಿಯ ಬೆನ್ನು ಬಿದ್ದಳು. ಅವರು ಒಂದೇ ಬಗೆಯ ಎರಡು ಬಾಟಲಿ ಕೊಟ್ಟರು. ಒಂದರ ಮೇಲೆ ಒಂದು ಚುಕ್ಕೆ, ಇನ್ನೊಂದರ ಮೇಲೆ ಎರಡು. ಒಂದರಲ್ಲಿ ಪುಡಿ, ಒಂದರಲ್ಲಿ ಹಿಟ್ಟು. ಯಾವುದರಲ್ಲಿ ಯಾವುದು ಎಂದು ಬರೆದು ಕವರಿಗೆ ಹಾಕಿ ಅಂಟಿಸಿದರು. ಆರು ವಾರ ಒಂದು, ಆರು ವಾರ ಇನ್ನೊಂದು. ಒಬ್ಬಳ ಮೈಯ ಲೆಕ್ಕ ಎಲ್ಲರಿಗೂ ಆಗುವುದಿಲ್ಲ ಎಂದೂ ಎಚ್ಚರಿಸಿದರು. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಒಲೆ ಹತ್ತಿದಾಗೆಲ್ಲ ಒಂದು ಗೀಟು. ಆಕೆ ಮರೆತರೆ ಅತ್ತೆ ಎಳೆಯುತ್ತಾರೆ. ಬಾಗಿಲ ಬಳಿ ಕೂತು ಸೊಸೆಯ ಕುತ್ತಿಗೆಯನ್ನೇ ನೋಡುತ್ತಿರುವುದು ಅವರಿಗೀಗ ದಿನದ ಕೆಲಸ.

ಹನ್ನೆರಡು ವಾರ ನಿನ್ನೆಗೆ ಮುಗಿದಿದೆ. ಗೀಟುಗಳನ್ನು ಎಣಿಸಿದ್ದಾಳೆ: ಒಂದು ಚುಕ್ಕೆಯ ವಾರಗಳಲ್ಲಿ ದಿನಕ್ಕೆ ಸುಮಾರು ಐದು, ಎರಡು ಚುಕ್ಕೆಯ ವಾರಗಳಲ್ಲಿ ನಾಲ್ಕು. ಕವರು ಕ್ಯಾಲೆಂಡರಿನ ಹಿಂದೆಯೇ ಇದೆ, ಇನ್ನೂ ಬಿಚ್ಚಿಲ್ಲ. ಗಂಡ ಎರಡು ಸಲ ಅದನ್ನು ಬೆಳಕಿಗೆ ಹಿಡಿದು ನೋಡಿ ಬೈಸಿಕೊಂಡಿದ್ದಾನೆ.

ಒಳಗೆ ಏನಿರಲಿ ಎಂದು ಆಸೆ? ಪುಡಿ ಗೆಲ್ಲಲಿ ಅಂತಲೇ ಅಲ್ಲವೇ, ಒಂಬತ್ತು ವರ್ಷ ಜರಡಿ ಹಿಡಿದ ಕೈಗೆ?

ಹೀಗೆ ಕೇಳಿದಾಗ ಆಕೆ ಗ್ಲೌಸು ಕಳಚಿ ಎರಡೂ ಕೈ ಕೊಡವುತ್ತಾಳೆ.

"ಆಸೆ ಇಲ್ಲ ಅಂತ ಹೇಗೆ ಹೇಳ್ಲಿ? ಪುಡಿ ಗೆದ್ರೆ ಖುಷಿನೇ. ಆದ್ರೆ ಒಬ್ಬಳೇ ಬಿಚ್ಚಲ್ಲ. ಟೈಲರ್ ಅಕ್ಕನ ಮನೇಲಿ, ಅವರ ಕೈಲೇ ಬಿಚ್ಚಿಸ್ತೀನಿ. ಏನೇ ಬರ್ಲಿ, ಹಿಟ್ಟು ಅಂತ ಬಂದ್ರೂ ಸರಿ, ಆಮೇಲೆ ಉಳಿದ ಹತ್ತು ಮನೆಗೂ ಹೋಗ್ಬೇಕು. ಬಾಗಿಲು ಹಾಕಿದ್ಲಲ್ಲ, ಅವಳ ಮನೆಗೂ."

ಹೊಸ ಗ್ಲೌಸು ಹಾಕಿಕೊಂಡು ಜರಡಿ ಅಕ್ಕ ಮುಂದಿನ ಪ್ಲೇಟಿನ ಕಡೆ ತಿರುಗುತ್ತಾಳೆ. ಇನ್ನೂ ಹನ್ನೊಂದು ಪ್ಲೇಟು ಬಾಕಿ ಇದೆ.