ಆಸ್ಪತ್ರೆ ಸ್ಟಾಪಿನ ನಗುಮುಖ

ಅವಳಿಗೆ ಹೆತ್ತವರು ಇಟ್ಟ ಹೆಸರು ಏನೇ ಇರಲಿ, ಆ ಬಸ್ಸು ಓಡಾಡುವ ದಾರಿಯಲ್ಲೆಲ್ಲ ಅವಳು ರೈಟಕ್ಕ. ಹಿಂದಿನ ಬಾಗಿಲಲ್ಲಿ ನಿಂತು ಅವಳು "ರೈಟ್" ಎಂದರೆ ಎಂಜಿನ್ನಿಗಿಂತ ಮೊದಲು ಬೀದಿನಾಯಿಗಳು ಜಾಗ ಬಿಡುತ್ತವೆ ಎಂದು ಡ್ರೈವರ್ ತಮಾಷೆ ಮಾಡುತ್ತಿದ್ದ. ಅಂಥ ಗಂಟಲು. ಕಂಡಕ್ಟರ್ ಕೆಲಸಕ್ಕೆ ಬೇಕಾದದ್ದೂ ಅದೇ.

ಹೆರಿಗೆ ರಜೆ ಮುಗಿಸಿ ಕೆಲಸಕ್ಕೆ ಬಂದ ಮೊದಲ ದಿನವೇ ಆ ಗಂಟಲು ಕೈಕೊಟ್ಟಿತು. ಬಸ್ಸು ತಿರುವು ದಾಟಿ ಹೆರಿಗೆ ಆಸ್ಪತ್ರೆಯ ಮುಂದೆ ನಿಂತಿತ್ತು. ಸ್ಟಾಪಿನ ಹೆಸರು ಕೂಗಲು ಬಾಯಿ ತೆರೆದವಳು ಹಾಗೇ ನಿಂತಳು. ಆಸ್ಪತ್ರೆಯ ಕಾಂಪೌಂಡಿನ ಮೇಲೆ, ಎರಡಾಳೆತ್ತರದ ಬೋರ್ಡಿನಲ್ಲಿ, ಅವಳೇ ನಗುತ್ತಿದ್ದಳು. ಎದೆಗವಚಿಕೊಂಡ ಮಗು, ಕೆದರಿದ ಕೂದಲು, ಮುಖ ತುಂಬ ನಗು. ಕೆಳಗೆ ದಪ್ಪಕ್ಷರದಲ್ಲಿ ಬರೆದಿತ್ತು: ತಾಯಿಯ ತೃಪ್ತಿಯೇ ನಮ್ಮ ಹೆಮ್ಮೆ.

"ಏನ್ ರೈಟಕ್ಕ, ದೊಡ್ಡ ಸ್ಟಾರ್ ಆಗ್ಬಿಟ್ಟೆ," ಎಂದ ಡ್ರೈವರ್, ಕನ್ನಡಿಯಲ್ಲಿ ಇಣುಕುತ್ತ. "ನಮ್ಮನ್ನೆಲ್ಲ ಮರೀಬೇಡಮ್ಮ."

ಬಸ್ಸಿನವರೆಲ್ಲ ನಕ್ಕರು. ಅವಳ ಮೈ ಉರಿಯಿತು.

ಹೆರಿಗೆಯ ದಿನ ಆ ಆಸ್ಪತ್ರೆಯ ಒಳಗೆ ನಡೆದದ್ದು ಅವಳಿಗೆ ಗೊತ್ತಿತ್ತು. ಅಮ್ಮನನ್ನು ಹೆರಿಗೆ ಕೋಣೆಯ ಬಾಗಿಲಲ್ಲೇ ತಡೆದಿದ್ದರು. ಮಂಚದ ಪಕ್ಕದ ಪರದೆ ಅರ್ಧಕ್ಕೆ ಹರಿದು ಜೋತಾಡುತ್ತಿತ್ತು. ಟ್ರೇ ಹಿಡಿದು ಬಂದವರು, ಮೊಬೈಲಿನಲ್ಲಿ ಹರಟುತ್ತ ಹಾದುಹೋದವರು, ಯಾರು ಯಾರೋ ಅವಳನ್ನು ಆ ಸ್ಥಿತಿಯಲ್ಲಿ ಕಂಡರು. ಬಾಯಿ ಒಣಗಿ ನೀರು ಕೇಳಿದರೆ "ಆಮೇಲೆ" ಎಂದರು. ಆ ಆಮೇಲೆ ಬರಲೇ ಇಲ್ಲ. ನೋವು ತಡೆಯಲಾರದೆ ಒಮ್ಮೆ ಕೂಗಿದಳು. ಸಿಸ್ಟರ್ ತೊಡೆಯ ಮೇಲೆ ಪಟೀರನೆ ಬಾರಿಸಿದಳು. "ಗಂಡನ ಪಕ್ಕ ಮಲಗಿದಾಗ ಹೀಗೇ ಕೂಗಿದ್ಯಾ? ಮುಚ್ಚು ಬಾಯಿ."

ಊರಿಗೆಲ್ಲ ಕೇಳುವಂತೆ ಕೂಗುವ ರೈಟಕ್ಕ ಬಾಯಿ ಮುಚ್ಚಿದಳು. ಸೆರಗು ತುರುಕಿಕೊಂಡು ಕಚ್ಚಿ ಹಿಡಿದಳು. ಮಗು ಇನ್ನೂ ಹೊರಗೆ ಬಂದಿರಲಿಲ್ಲ, ಅದರ ಜೀವ ಆ ಜನರ ಕೈಯಲ್ಲಿತ್ತು. ಅವರನ್ನು ಎದುರು ಹಾಕಿಕೊಳ್ಳುವ ಹೊತ್ತೇ ಅದು?

ಮನೆಗೆ ಹೊರಟಾಗ ವರಾಂಡದಲ್ಲಿ ಕ್ಯಾಮೆರಾ ಹಿಡಿದವನೊಬ್ಬ ನಿಲ್ಲಿಸಿದ್ದ. ಮನೆಯಲ್ಲಿಟ್ಟುಕೊಳ್ಳಲು ಮಗುವಿನ ಫೋಟೋ ಕೊಡುತ್ತಾರೇನೋ ಎಂದುಕೊಂಡಳು. "ಮಗುನ ನೋಡಿ, ಹಾಂ, ಹಾಗೇ," ಎಂದ. ಮಗು ಆಕಳಿಸಿತು. ಅವಳಿಗೆ ನಗು ಬಂತು. ಪಕ್ಕದಲ್ಲಿದ್ದ ಹುಡುಗಿ "ಎಲ್ಲ ಚೆನ್ನಾಗಿತ್ತಾ ಅಕ್ಕ?" ಎಂದಳು. ಬೆಚ್ಚಗಿನ ಜೀವವೊಂದು ತೋಳಲ್ಲಿ ಮಿಸುಕಾಡುತ್ತಿರುವಾಗ ಯಾರು ತಾನೆ ಇಲ್ಲ ಅನ್ನುತ್ತಾರೆ? "ಚೆನ್ನಾಗಿತ್ತು," ಅಂದುಬಿಟ್ಟಿದ್ದಳು.

ಸಂಜೆ ಅಮ್ಮನಿಗೆ ಬೋರ್ಡಿನ ವಿಷಯ ಹೇಳಿದಳು. ಅಮ್ಮ ಮೊಮ್ಮಗಳ ಕಾಲಿಗೆ ಎಣ್ಣೆ ಸವರುತ್ತಿದ್ದಳು.

"ಮಗು ಕೈಗೆ ಬಂತಲ್ಲ, ಇನ್ನೇನೇ ಬೇಕು ನಿಂಗೆ? ನೀನು ಹುಟ್ಟುವಾಗ ನಂಗೂ ಬಾರಿಸಿದ್ರು. ಯಾರಿಗೆ ಬಾರಿಸಿಲ್ಲ ಹೇಳು."

"ಇಷ್ಟು ದಿನ ಹೇಳ್ಲೇ ಇಲ್ವಲ್ಲಮ್ಮ."

"ಅದೇನು ಹೇಳ್ಕೊಳ್ಳೋ ವಿಷಯಾನಾ?"

ಅವಳ ಸಿಟ್ಟು ಇಮ್ಮಡಿಯಾದದ್ದು ಆಗ.

ಆದರೂ ಕೆಲವು ದಿನ ಸುಮ್ಮನಿದ್ದಳು. ಒಂದು ಮಧ್ಯಾಹ್ನ ತುಂಬು ಬಸುರಿಯೊಬ್ಬಳು ಟಿಕೆಟ್ ತೆಗೆದುಕೊಳ್ಳುತ್ತ ಅವಳ ಮುಖವನ್ನೇ ದಿಟ್ಟಿಸಿದಳು. "ಬೋರ್ಡಲ್ಲಿರೋದು ನೀವೇ ಅಲ್ವಾ ಅಕ್ಕ? ನಿಮ್ಮ ನಗು ನೋಡಿಯೇ ನಮ್ಮತ್ತೆ, ಇಲ್ಲೇ ಹೆರಿಗೆ ಮಾಡಿಸೋಣ ಅಂದ್ರು."

ರೈಟಕ್ಕನ ಕೈಯಲ್ಲಿದ್ದ ಟಿಕೆಟ್ ಮುದುಡಿ ಹೋಯಿತು. ತನ್ನ ಮುಖ ತೋರಿಸಿ ಕರೆಯುತ್ತಿದ್ದಾರೆ. ಆ ಮಂಚದ ಮೇಲೆ ಮಲಗಿಸಲು.

ಡ್ಯೂಟಿ ಮುಗಿದ ಮೇಲೆ ಯೂನಿಫಾರ್ಮಿನಲ್ಲೇ ಆಸ್ಪತ್ರೆಯ ಮ್ಯಾನೇಜರ್ ಮುಂದೆ ನಿಂತಳು. "ನನ್ನ ಮುಖ ಕೆಳಗಿಳಿಸಿ."

"ಮಗು ಆರೋಗ್ಯವಾಗಿದೆ ತಾನೆ?" ಎಂದ ಅವನು.

"ಆರೋಗ್ಯವಾಗಿದೆ. ನಾನು ಕೇಳ್ತಿರೋದು ಬೇರೆ. ನಿಮ್ಮ ಸಿಸ್ಟರ್ ನನಗೆ ಹೊಡೆದ್ರು, ಬಾಯಿಗೆ ಬಂದ ಹಾಗೆ ಅಂದ್ರು."

"ಆ ಹೊತ್ತಿನ ಗಡಿಬಿಡೀಲಿ ಏನೋ ಒಂದು ಮಾತು ಬಂದಿರುತ್ತಮ್ಮ. ಫೋಟೋದಲ್ಲಿ ನಗ್ತಿರೋದು ನೀವೇ ಅಲ್ವಾ? ನಾವೇನು ಬಲವಂತವಾಗಿ ನಗಿಸಿದ್ವಾ?"

"ಮಗುನ ನೋಡಿ ನಕ್ಕಿದ್ದು ಸಾರ್. ನಿಮ್ಮನ್ನ ನೋಡಿ ಅಲ್ಲ."

ಮೀಟಿಂಗಿನಲ್ಲಿ ಇಡುತ್ತೇನೆ ಎಂದು ಅವನು ಫೋನೆತ್ತಿಕೊಂಡ. ಹೊರಬರುವಾಗ ವರಾಂಡದಲ್ಲಿ ಅದೇ ಸಿಸ್ಟರ್ ಎದುರಾದಳು. "ಪಕ್ಕಕ್ಕೆ ನಿಲ್ಲಮ್ಮ, ದಾರಿ ಬಿಡು," ಎಂದು ಸರಸರನೆ ಹೋದಳು. ದಿನವೂ ಆ ಬೋರ್ಡಿನ ಕೆಳಗೇ ನಡೆದು ಬರುವವಳಿಗೆ ಆ ಮುಖದ ಗುರುತೇ ಹತ್ತಲಿಲ್ಲ.

ಮರುದಿನ ಆ ಸ್ಟಾಪು ಬಂದಾಗ ರೈಟಕ್ಕ ಮೆಟ್ಟಿಲ ಮೇಲೆ ನಿಂತು ಗಂಟಲು ಬಿಟ್ಟಳು. "ಹೆರಿಗೆ ಆಸ್ಪತ್ರೆ. ಇಳಿಯೋರು ಇಳೀರಿ. ಅಲ್ಲಿ ನಗ್ತಿರೋದು ನಾನೇ. ಆ ನಗು ನನ್ನ ಮಗಳಿಗೆ. ಒಳಗೆ ನನಗೆ ಸಿಕ್ಕಿದ್ದು ಏಟು. ಅಮ್ಮನ್ನ ಜೊತೆಗೆ ಬಿಡ್ತೀರಾ, ಕುಡಿಯೋಕೆ ನೀರು ಕೊಡ್ತೀರಾ, ಕೈ ಮಾಡ್ತೀರಾ ಅಂತ ಮೊದಲೇ ಕೇಳ್ಕೊಳ್ಳಿ."

ಡ್ರೈವರ್ ಕೊರಳು ಕೊಂಕಿಸಿ ನೋಡಿದ. "ಏನಮ್ಮ ಇದು, ನನ್ನ ಕೆಲಸಕ್ಕೂ ಕುತ್ತು ತರ್ತೀಯಾ?"

"ಸ್ಟಾಪಿನ ಹೆಸರು ಕೂಗ್ದೆ ಅಣ್ಣ. ಸ್ವಲ್ಪ ಉದ್ದ ಆಯ್ತು."

ಹಿಂದಿನ ಸೀಟಿನಲ್ಲಿದ್ದ ತರಕಾರಿ ಮಾರುವ ಹೆಂಗಸು ಬುಟ್ಟಿ ಸರಿಸಿಕೊಂಡು, "ನನ್ನ ಕೆನ್ನೆಗೇ ಕೊಟ್ಟಿದ್ಲು ಕಣವ್ವ ಒಬ್ಳು," ಎಂದಳು, ಯಾರೂ ಕೇಳದಿದ್ದರೂ. ಅವಳ ಪಕ್ಕದವಳು ತಲೆ ತಗ್ಗಿಸಿ ಬಳೆ ತಿರುಗಿಸುತ್ತ ಕುಳಿತಳು. ಅವಳಿಗೂ ಏನೋ ಆಗಿತ್ತು.

ಪ್ರತಿ ಟ್ರಿಪ್ಪಿಗೂ ಅದೇ ಮಾತು. ಡ್ರೈವರ್ ಬೈಯುವುದನ್ನು ಬಿಟ್ಟ. ಒಂದು ದಿನ ಆ ಸ್ಟಾಪಿನಲ್ಲಿ, ಅವಳು ಕೂಗುವ ಮೊದಲೇ ಎಂಜಿನ್ ಆಫ್ ಮಾಡಿ ಸದ್ದಡಗಿಸಿ, ಏನೂ ಗೊತ್ತಿಲ್ಲದವನಂತೆ ಕನ್ನಡಿ ಒರೆಸತೊಡಗಿದ. ಅವನ ಹೆಂಡತಿ ಮನೆಯಲ್ಲಿ ಏನು ಹೇಳಿದ್ದಳೋ, ಅವನು ಯಾರಿಗೂ ಹೇಳಲಿಲ್ಲ.

ಕೊನೆಗೆ ಮ್ಯಾನೇಜರನೇ ಬಸ್ಸಿನ ಬಾಗಿಲಿಗೆ ಬಂದ. "ಏನಮ್ಮ, ಎಲ್ಲರೆದುರಿಗೆ ಹೀಗೆ ನಮ್ಮ ಮಾನ ಕಳೀತೀಯಲ್ಲ? ಒಳಗೆ ಬಂದು ಹೇಳಬಾರದಾ?"

"ಒಳಗೆ ಬಂದು ಹೇಳಿದ್ದೆ. ಎಲ್ಲರೆದುರಿಗೆ ನೇತುಹಾಕಿದ್ದು ನನ್ನ ಮುಖ ತಾನೆ? ಅದು ಅಲ್ಲಿರೋ ತನಕ ನನ್ನ ಮಾತು ಇಲ್ಲಿರುತ್ತೆ."

"ಹತ್ತಿ ಸಾರ್, ಇಲ್ಲ ಕೆಳಗಿಳೀರಿ. ಹೊತ್ತಾಯ್ತು," ಎಂದ ಡ್ರೈವರ್.

ಆ ವಾರವೇ ಇಬ್ಬರು ಆಳುಗಳು ಏಣಿ ಹಾಕಿ ಬೋರ್ಡಿನ ಶೀಟು ಬಿಚ್ಚಿದರು. ಬಸ್ಸು ಬಂದಾಗ ಅದು ಕಾಂಪೌಂಡಿನ ಬುಡದಲ್ಲಿ ಮುದುಡಿ ಬಿದ್ದಿತ್ತು, ಅವಳ ಒಂದು ಕಣ್ಣು ಮೇಲಾಗಿ. "ಗಟ್ಟಿ ಶೀಟು ಕಣಕ್ಕ, ನಿಮ್ಮದೇ ಅಲ್ವಾ, ಒಯ್ಯಿರಿ," ಎಂದ ಒಬ್ಬ ಆಳು. ಬಚ್ಚಲಿನ ಸೋರುವ ಸೂರು ಅವಳ ಕಣ್ಮುಂದೆ ಬಂತು. ಬಸ್ಸಿನಿಂದಿಳಿದು, ಅವನ ಬ್ಲೇಡು ಇಸಿದುಕೊಂಡು ಕುಕ್ಕರಗಾಲಲ್ಲಿ ಕುಳಿತಳು. ದಪ್ಪಕ್ಷರದ ಪಟ್ಟಿಯನ್ನು ಒಂದೇ ಎಳೆತಕ್ಕೆ ಕತ್ತರಿಸಿ ಅವನ ಕೈಗಿತ್ತಳು.

"ಇದನ್ನ ಮ್ಯಾನೇಜರ್ ಸಾಹೇಬರಿಗೆ ಕೊಡಿ. ಇದು ಅವರದು."

ತನ್ನ ನಗುವನ್ನೂ ಮಗಳನ್ನೂ ಸುರುಳಿ ಸುತ್ತಿ ಸೀಟಿನಡಿ ತಳ್ಳಿದಳು.

"ಅಬ್ಬಾ, ಇನ್ಮೇಲೆ ನಮ್ಮ ಕಿವಿಗೆ ನೆಮ್ಮದಿ," ಎಂದ ಡ್ರೈವರ್.

ಮುಂದಿನ ಟ್ರಿಪ್ಪಿನಲ್ಲಿ ಅದೇ ತಿರುವು, ಅದೇ ಸ್ಟಾಪು. ಖಾಲಿ ಚೌಕಟ್ಟಿನೊಳಗಿಂದ ಆಸ್ಪತ್ರೆಯ ಕಿಟಕಿಗಳು ಕಾಣುತ್ತಿದ್ದವು. ಬಸುರಿಯೊಬ್ಬಳು ಕಂಬಿ ಹಿಡಿದು ಎದ್ದಳು. ರೈಟಕ್ಕ ಅವಳ ತೋಳು ಹಿಡಿದು ಮೆಟ್ಟಿಲಿಳಿಸಿದಳು, ಮತ್ತೆ ಬಾಗಿಲಿಗೆ ಬಂದು ಕಟ್ಟಡಕ್ಕೆ ಕೇಳಿಸುವಂತೆ ಕೂಗಿದಳು:

"ಹೆರಿಗೆ ಆಸ್ಪತ್ರೆ. ಬೋರ್ಡು ತೆಗೆದಿದ್ದಾರೆ. ಹೊಡೆಯೋದು ಬಿಟ್ಟಿದ್ದಾರಾ ಅಂತ ನನಗೆ ಗೊತ್ತಿಲ್ಲ. ಕೇಳಿಕೊಂಡು ಒಳಗೆ ಹೋಗಿ."

ಡ್ರೈವರ್ ಎಂಜಿನ್ ಆಫ್ ಮಾಡಿದ್ದ.