ಕಂಬಳಿ ಮೇಲೆ ಕುಳಿತು ಓದಿದ ಸಾಲು

ನಿನ್ನೆ ಕಪಾಟಿನಿಂದ ಆಯಿಯ ಕಂಬಳಿ ತೆಗೆದೆ. ಬೇವಿನ ಎಲೆ ಹಾಕಿಟ್ಟರೂ ಕುರಿಯ ವಾಸನೆ ಹೋಗಿರಲಿಲ್ಲ. ಬೆಳಗಾವಿ ಪಕ್ಕದ ಮಚ್ಛೆ ಊರಿನ ನನ್ನ ಎರಡು ಕೋಣೆಯ ಮನೆಯಲ್ಲೆಲ್ಲ ಅದೇ ವಾಸನೆ ತುಂಬಿತು...

ಬೀಡಿ ಊರಿನ ಆಚೆಗಿನ ಕುರಿಗಾರರ ಹಟ್ಟಿಯಲ್ಲಿ ಎಲ್ಲರೂ ಆಯಿ ಎನ್ನುತ್ತಿದ್ದ ಮುದುಕಿಯೇ ಹಿರಿಯಳು. ಹಟ್ಟಿಯ ಹಿಂದಿನ ದಿನ್ನೆಯಲ್ಲಿ ಸತ್ತವರಿಗೊಂದು ಕಲ್ಲು ನಿಲ್ಲಿಸುತ್ತಿದ್ದರು. ಹೆಸರಿಲ್ಲ, ಕೆತ್ತನೆಯಿಲ್ಲ. ಯಾವ ಕಲ್ಲು ಯಾರದೆಂದು ಆಯಿಗೆ ಮಾತ್ರ ಪೂರ್ತಿ ಗೊತ್ತಿತ್ತು. ಕೆಲ ವರ್ಷಗಳ ಹಿಂದೆ ಆ ದಿನ್ನೆಯಲ್ಲಿ ಗಣಿ ತೆಗೆಯಲು ಕಂಪನಿಯೊಂದು ಹೊರಟಿತ್ತು. ಹಿರಿಯರ ಕಲ್ಲುಗಳನ್ನು ಕಿತ್ತು ರಸ್ತೆ ಬದಿಯ ಬೇಲಿಯೊಳಗೆ ನಿಲ್ಲಿಸುತ್ತೇವೆಂದು 'ಪರಂಪರೆ ರಕ್ಷಣಾ ಯೋಜನೆ' ಬರೆದು ಸರ್ಕಾರದ ಒಪ್ಪಿಗೆ ಕೇಳಿತ್ತು. ರಕ್ಷಣೆಯಂತೆ, ರಕ್ಷಣೆ! ನಾನು ಬೆಳಗಾವಿಯ ಸರ್ಕಾರಿ ಕಚೇರಿಯಲ್ಲಿ ಕ್ಲರ್ಕ್. ಹಟ್ಟಿಯಲ್ಲಿ ಆ ಯೋಜನೆ ಓದಿ ಹೇಳಿ, ಹೆಬ್ಬೆಟ್ಟು ಒತ್ತಿಸಿಕೊಂಡು ಬಾ ಎಂದು ಸಾಹೇಬರು ಕಳಿಸಿದ್ದರು.

ನನಗೆಂದು ಕುರ್ಚಿ ತಂದರು. ಆಯಿ ಅದನ್ನು ಬದಿಗೆ ಸರಿಸಿ, ಹೆಗಲ ಮೇಲಿನ ಕಂಬಳಿ ಹಾಸಿದಳು.

"ಇದರ ಮ್ಯಾಲ ಕುಂದರ್ರಿ ಬಾಯಾರ. ನಮ್ಮಲ್ಲಿ ನ್ಯಾಯ ಆಗ್ಲಿ, ಮದುವಿ ಮಾತಾಗ್ಲಿ, ಕಂಬಳಿ ಮ್ಯಾಲನ. ಇಲ್ಲಿ ಕುಂತು ಸುಳ್ಳು ಹೇಳಂಗಿಲ್ಲ."

ಚಪ್ಪಲಿ ಬಿಟ್ಟು ಕುಳಿತು ಓದತೊಡಗಿದೆ. ಕೊನೆಯ ಹಾಳೆ ನಮ್ಮ ಕಚೇರಿಯ ವರದಿ, ನಾನೇ ಟೈಪ್ ಮಾಡಿದ್ದು. 'ಹಟ್ಟಿಯ ಹಿರಿಯರ ಜತೆ ಚರ್ಚಿಸಲಾಗಿದೆ, ಅವರ ಒಪ್ಪಿಗೆ ಇದೆ.' ಎಲ್ಲ ಫೈಲುಗಳಲ್ಲೂ ಇರುವ ಸಾಲೆಂದು ಇದರಲ್ಲೂ ಹಾಕಿದ್ದೆ. ಆ ಸಾಲನ್ನೂ ಓದಿ ಹಾಳೆ ಕೆಳಗಿಟ್ಟೆ.

"ಯಾರ ಜೋಡಿ ಮಾತಾಡೀರಿ?" ಆಯಿ ಕೇಳಿದಳು.

"ಯಾರ ಜೋಡೀನೂ ಇಲ್ಲ ಆಯಿ... ನಾವು ಬಂದಿದ್ದ ಇವತ್ತ."

"ಹಂಗಾರ ಅದನ್ನ ಬರೀರಿ."

ಆ ಸಾಲು ಹೊಡೆದು ಹಾಕಿ, 'ಯಾರನ್ನೂ ಕೇಳಿಲ್ಲ, ಒಪ್ಪಿಗೆ ಇಲ್ಲ' ಎಂದು ಬರೆದೆ. ಕೆಳಗೆ ಆಯಿ ಹೆಬ್ಬೆಟ್ಟು ಒತ್ತಿದಳು. ಸಾಹೇಬರಿಗೆ ಬೇಕಿದ್ದ ಹೆಬ್ಬೆಟ್ಟು ಸಿಕ್ಕಿತಲ್ಲ! ಹೊರಡುವಾಗ ಕಂಬಳಿ ಮಡಚಿ ನನ್ನ ಕೈಗಿಟ್ಟಳು. "ಇಟ್ಕೋ ತಂಗಿ, ನಿಮ್ಮ ಕಚೇರಿಯಾಗ ಬೇಕಾಕ್ಕೈತಿ."

ಯೋಜನೆ ವಾಪಸ್ಸಾಯಿತು. ಸಾಹೇಬರು ಕೆಂಡಾಮಂಡಲವಾಗಿ ನನ್ನನ್ನು ಹಳೇ ಕಾಗದಗಳ ಕೋಣೆಗೆ ಹಾಕಿದರು. ಹೊರಬರಲು ಎರಡು ವರ್ಷ ಬೇಕಾಯಿತು. ಒಂದು ದಿನವೂ ಪಶ್ಚಾತ್ತಾಪ ಪಡಲಿಲ್ಲ.

ಹೋದ ವರ್ಷ ಆಯಿ ತೀರಿಕೊಂಡಳು. ದಿನ್ನೆಯಲ್ಲಿ ಅವಳದೂ ಒಂದು ಕಲ್ಲು ನಿಂತಿದೆ. ಉಳಿದವು ಯಾರ್‍ಯಾರವೆಂದು ಪೂರ್ತಿ ಹೇಳುವವರು ಈಗಿಲ್ಲ...

ನಿನ್ನೆ ಅದೇ ಯೋಜನೆ ಹೊಸ ರಟ್ಟು ಹಾಕಿಕೊಂಡು ನನ್ನ ಮೇಜಿಗೆ ಬಂತು. ಸಹಿ ಮಾಡಲು ನನಗೆ ತೋರಿಸಿದ ಜಾಗದ ಮೇಲೆ ಹೀಗಿತ್ತು: 'ಆಕ್ಷೇಪಿಸಿದ ಹಿರಿಯರು ಈಗ ಬದುಕಿಲ್ಲ. ಆದ್ದರಿಂದ ಒಪ್ಪಿಗೆ ನೀಡಬಹುದು.'

ಇವತ್ತು ಕಂಬಳಿಯನ್ನು ಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತಿದೆ. ಕಚೇರಿಯಲ್ಲಿ ಕುರ್ಚಿ ಸರಿಸಿ, ನೆಲದ ಮೇಲೆ ಹಾಸಿ ಕುಳಿತೆ. ಹೊಸ ಸಾಹೇಬರು ಬಾಗಿಲಲ್ಲೇ ನಿಂತರು.

"ಏನ್ರೀ ಇದು?"

ಬದಿಗೆ ಸರಿದು ಜಾಗ ಮಾಡಿದೆ. ಫೈಲು ಅವರ ಕಡೆ ಚಾಚಿದೆ.

"ಬರ್ರಿ ಸಾಹೇಬ್ರ, ಕುಂದರ್ರಿ. ಈ ಸಾಲು ಇದರ ಮ್ಯಾಲ ಕುಂತು ಓದ್ರಿ."